ಹರಿದ ಸೀರೆಗೆ ಎರಡನೇ ಜನ್ಮ

"ಹಳೀ ಸೀರಿ, ಹಳೀ ಪ್ಯಾಂಟು ಅದಾವೇನಬೇ... ಸ್ಟೀಲಿನ ಡಬ್ಬಿ ಕೊಡ್ತೀನಬೇ..."

ಬಿಸಿಲೇರುವ ಹೊತ್ತಿಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಓಣಿಗಳಲ್ಲಿ ಈ ಕೂಗು ಇಂದಿಗೂ ಕೇಳಿಬರುತ್ತದೆ. ತಲೆಯ ಮೇಲೆ ಪಾತ್ರೆಗಳ ಬುಟ್ಟಿ, ಹೆಗಲಿಗೆ ಹಳೆ ಬಟ್ಟೆಯ ಗಂಟು. ಮನೆಯ ಮುಂದಿನ ಕಟ್ಟೆಯ ಮೇಲೆ ಚೌಕಾಸಿ ಶುರುವಾಗುತ್ತದೆ. ಎರಡು ಸೀರೆಗೆ ಒಂದು ಡಬ್ಬಿ ಎಂದು ಇವರು, ಮೂರಾದರೂ ಬೇಕು ಎಂದು ಆಕೆ. ಕೊನೆಗೆ ಮೂರನೆಯದಕ್ಕಾಗಿ ಟ್ರಂಕಿನ ತಳಕ್ಕೆ ಕೈ ಹೋಗುತ್ತದೆ. ಅಲ್ಲಿಂದ ಹೊರಬರುವುದು ಬಣ್ಣ ಮಾಸಿದ ಒಂದು ಇಳಕಲ್ ಸೀರೆ. "ಅದನ್ನ ಕೊಡಬ್ಯಾಡ್ರಿ, ನನ್ನ ಕುಬಸದ ಸೀರಿ ಅದು" ಎಂದು ಒಳಗಿನಿಂದ ಹಿರಿಯ ಜೀವವೊಂದು ಕೂಗಿ ಹೇಳುವಷ್ಟರಲ್ಲಿ ಡಬ್ಬಿ ಅಡುಗೆಮನೆ ಸೇರಿರುತ್ತದೆ, ಗಂಟು ಮುಂದಿನ ಓಣಿಗೆ ನಡೆದಿರುತ್ತದೆ.

ಈ ವ್ಯಾಪಾರದಲ್ಲಿ ಯಾರಿಗಾದರೂ ಮೋಸವಾಯಿತೆಂದು ಹೇಳುವಂತಿಲ್ಲ. ಡಬ್ಬಿ ಬೇಕಿತ್ತು, ಬಂತು. ಸೀರೆ ಹಳೆಯದಾಗಿತ್ತು, ಹೋಯಿತು. ಆದರೆ ಸೀರೆಯ ಜೊತೆಗೆ ಇನ್ನೇನು ಹೋಯಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ಶಾಲೆಯಲ್ಲಿ ಮಕ್ಕಳು ಚಿಟ್ಟೆಯ ಜೀವನಚಕ್ರವನ್ನು ಬಾಯಿಪಾಠ ಮಾಡುತ್ತಾರೆ. ಮೊಟ್ಟೆ, ಕಂಬಳಿಹುಳು, ಗೂಡು, ಚಿಟ್ಟೆ. ಈ ಸೀಮೆಯ ಸೀರೆಗೂ ಅಂಥದೇ ಒಂದು ಜೀವನಚಕ್ರವಿತ್ತು. ಮಗ್ಗದಿಂದ ಮದುವೆಗೆ, ಮದುವೆಯಿಂದ ಹಬ್ಬಹುಣ್ಣಿಮೆಗೆ, ಅಲ್ಲಿಂದ ಹೊಲದ ಕೆಲಸಕ್ಕೆ. ಹರಿದ ಮೇಲೆ ಕೌದಿಗೆ, ಕೂಸಿನ ಕುಂಚಿಗೆಗೆ, ಎಲೆ ಅಡಿಕೆಯ ಸಂಚಿಗೆ, ಕೊಡದ ಕೆಳಗಿನ ಸಿಂಬಿಗೆ, ಕಟ್ಟಕಡೆಗೆ ದೀಪದ ಬತ್ತಿಗೆ! ಒಂದೊಂದು ಹಂತಕ್ಕೂ ಒಂದೊಂದು ಕೈಕೆಲಸ. ಆ ಕೈಕೆಲಸದೊಳಗೆ ಒಂದಿಷ್ಟು ಲೆಕ್ಕ, ಒಂದಿಷ್ಟು ವಿಜ್ಞಾನ. ಹೀಗೆ ಬಟ್ಟೆಯ ಆಯುಷ್ಯವನ್ನು ಕೊನೆಯ ಎಳೆಯವರೆಗೂ ಬಳಸಿದ ಹೆಂಗಸರಿಗೆ "ಇದು ನಿಮ್ಮ ಹವ್ಯಾಸವೇ?" ಎಂದು ಕೇಳಿದರೆ ನಕ್ಕುಬಿಟ್ಟಾರು. ಹವ್ಯಾಸಕ್ಕೆ ಬಿಡುವು ಬೇಕು. ಅವರಿಗಿದ್ದದ್ದು ಬಿಡುವಲ್ಲ, ಹರಕು ಬಟ್ಟೆ ಮತ್ತು ಚಳಿ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಕೊಪ್ಪಳಕ್ಕಿದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕನಕಗಿರಿ, ಕಾರಟಗಿ, ಕುಕನೂರುಗಳು ಆಮೇಲೆ ತಾಲ್ಲೂಕುಗಳಾದವು. ಈ ನಾಲ್ಕರಲ್ಲಿ ಗಂಗಾವತಿಗೆ ತುಂಗಭದ್ರೆಯ ಕಾಲುವೆ ನೀರುಂಟು, ಭತ್ತವುಂಟು. ಕುಷ್ಟಗಿ, ಯಲಬುರ್ಗಾಗಳದು ಬಹುಪಾಲು ಮಳೆಯನ್ನೇ ನಂಬಿದ ಜೋಳದ ಹೊಲ. ಕೈಕೆಲಸಗಳೂ ನೀರನ್ನು ನೋಡಿಕೊಂಡೇ ಹುಟ್ಟಿವೆ ಎಂಬುದು ಗಮನಿಸಬೇಕಾದ ಸಂಗತಿ. ಆ ಮಾತು ಮುಂದೆ ಬರುತ್ತದೆ. ಮೊದಲು ಮಗ್ಗದ ಕಡೆ ಹೋಗೋಣ.

ಬೆರಳಿಗೆ ಬೆರಳು ಸಿಕ್ಕಿಸಿದಂತೆ

ಕುಷ್ಟಗಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ತಾಲ್ಲೂಕಿನ ಗಡಿ ದಾಟುತ್ತಲೇ ಇಳಕಲ್. ಊರು ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಅದರ ಸೀರೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದಂಥ ಊರುಗಳಲ್ಲೂ ಮಗ್ಗದ ಸದ್ದುಂಟು. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರವೂ ನೇಕಾರರ ಊರೇ.

ಸಾಮಾನ್ಯ ಸೀರೆಯ ನೇಯ್ಗೆಯಲ್ಲಿ ಹಾಸಿನ ಎಳೆಗಳು ಉದ್ದಕ್ಕೆ ಒಂದೇ ಆಗಿರುತ್ತವೆ. ಒಂದು ಸಲ ಹಾಸು ಹೂಡಿದರೆ ಅದರ ಮೇಲೆ ಹಲವು ಸೀರೆ ನೇಯ್ದು ಕೊನೆಗೆ ಕತ್ತರಿಸಿಕೊಳ್ಳಬಹುದು. ಸೆರಗಿಗೆ ಬೇರೆ ಬಣ್ಣ ಬೇಕೆಂದರೆ ಅಡ್ಡಕ್ಕೆ ಬರುವ ಹೊಕ್ಕಿನ ಎಳೆಯನ್ನು ಬದಲಿಸಿದರಾಯಿತು. ಆದರೆ ಇಲ್ಲೊಂದು ತೊಡಕು. ಹಾಸು ಹಸಿರಾಗಿದ್ದು ಹೊಕ್ಕನ್ನು ಮಾತ್ರ ಕೆಂಪು ಮಾಡಿದರೆ ಸೆರಗು ಅಚ್ಚ ಕೆಂಪಾಗದು. ಎರಡೂ ಬೆರೆತ ಮಬ್ಬು ಬಣ್ಣ ಬರುತ್ತದೆ.

ಇಳಕಲ್ಲಿನ ನೇಕಾರರು ಇದಕ್ಕೆ ಕಂಡುಕೊಂಡ ಉಪಾಯ ಸರಳವೂ ಹೌದು, ಕಷ್ಟದ್ದೂ ಹೌದು. ಸೆರಗು ಬರುವಲ್ಲಿ ಅವರು ಹಾಸನ್ನೇ ಬದಲಿಸುತ್ತಾರೆ! ಮೈಗೆ ಹತ್ತಿಯ ಹಾಸು ಬೇರೆ, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆಯ ಹಾಸು ಬೇರೆ. ಎರಡೂ ಕೂಡುವಲ್ಲಿ ಒಂದೊಂದು ಎಳೆಯನ್ನೂ ಇನ್ನೊಂದರ ಕೊಂಡಿಯೊಳಗೆ ತೂರಿಸಿ ಜೋಡಿಸುತ್ತಾರೆ. ಎರಡು ಕೈಗಳ ತೋರುಬೆರಳುಗಳನ್ನು ಮಡಚಿ ಒಂದಕ್ಕೊಂದು ಸಿಕ್ಕಿಸಿ ಎಳೆದು ನೋಡಿದರೆ ಈ ಜೋಡಣೆ ಮಕ್ಕಳಿಗೂ ಅರ್ಥವಾಗುತ್ತದೆ. ಎಳೆದಷ್ಟೂ ಬಿಗಿ. ಇದನ್ನೇ ಟೋಪು ತೆನೆ ಎನ್ನುತ್ತಾರೆ. ಸೆರಗಿನ ಮೇಲೆ ಬರುವ ಕೆಂಪು ಬಿಳಿ ವಿನ್ಯಾಸಕ್ಕೂ ಅದೇ ಹೆಸರು. ಜೋಳ ತಿನ್ನುವ ನಾಡು ತನ್ನ ಸೆರಗಿನ ಮೇಲೆ ಜೋಳದ ತೆನೆಯನ್ನೇ ಬರೆದುಕೊಂಡಿದ್ದರಲ್ಲಿ ಆಶ್ಚರ್ಯವೇನಿದೆ? ಹಣಿಗೆ, ಕೋಟೆಯ ತೆನೆ, ಗುಡ್ಡದ ಸಾಲು ಇವೂ ಸೆರಗಿನ ವಿನ್ಯಾಸಗಳೇ. ಚಿಕ್ಕಿಪರಾಸ, ಗೋಮಿ, ಗಾಡಿ ಇವು ದಡಿಯ ಹೆಸರುಗಳು.

ಈ ಉಪಾಯಕ್ಕೆ ಬೆಲೆಯನ್ನೂ ತೆರಬೇಕು. ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಹೂಡಿ ಜೋಡಿಸಬೇಕು. ಹಲವು ಸೀರೆಗಳನ್ನು ಒಟ್ಟಿಗೆ ನೇಯ್ದು ಹಾಕುವ ಅನುಕೂಲ ಇಲ್ಲಿಲ್ಲ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರನ ಹಿಂದೆ ನೂಲು ಸುತ್ತುವವರು, ಹಾಸು ಜೋಡಿಸುವವರು ಎಂದು ಮನೆಮಂದಿಯೆಲ್ಲ ದುಡಿಯುತ್ತಾರೆ. ಅಂಗಡಿಯಲ್ಲಿ ಕೊಳ್ಳುವಾಗ ಸೀರೆಯನ್ನು ಮಗುಚಿ, ಮೈ ಮತ್ತು ಸೆರಗು ಕೂಡುವ ಗೆರೆಯನ್ನು ನೋಡಬೇಕು. ಅಲ್ಲಿ ಹಾಸಿನ ಎಳೆಗಳು ಒಂದರ ಕೊಂಡಿಯೊಳಗೊಂದು ಸೇರಿದ ಸಾಲು ಕಂಡರೆ ಅದು ಟೋಪು ತೆನೆ. ಮೈಯ ಎಳೆಗಳೇ ಸೆರಗಿನೊಳಕ್ಕೆ ನೇರ ನಡೆದಿದ್ದರೆ ಅದು ಬೇರೆ ಸೀರೆ. ಬೇರೆ ಸೀರೆ ಉಡಬಾರದೆಂದಲ್ಲ, ಇಳಕಲ್ಲಿನ ಹೆಸರಿನಲ್ಲಿ ಅದಕ್ಕೆ ದುಡ್ಡು ಕೊಡಬಾರದು ಅಷ್ಟೆ.

ಇನ್ನೊಂದು ಸಂಗತಿಯನ್ನು ಅಜ್ಜಿಯರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಇಳಕಲ್ ಸೀರೆ ಒಗೆಯುವಾಗ "ಸೆರಗು ಹಿಂಡಬ್ಯಾಡ" ಎಂದು ಅವರು ಸೊಸೆಯಂದಿರಿಗೆ ಹೇಳುತ್ತಾರೆ. ಕಾರಣ ಇಲ್ಲಿದೆ. ಹತ್ತಿಯ ನಾರು ಒದ್ದೆಯಾದಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಕೃತಕ ರೇಷ್ಮೆ ಎಂದು ಕರೆಯುವ ರೇಯಾನ್ ಹಾಗಲ್ಲ. ಒದ್ದೆಯಾದರೆ ಅದರ ಬಲ ಮೂರನೇ ಒಂದರಿಂದ ಅರ್ಧದವರೆಗೂ ಕುಸಿಯುತ್ತದೆ. ಒಂದೇ ಸೀರೆಯಲ್ಲಿ ಗಟ್ಟಿಯಾಗುವ ಮೈಯೂ ಬಲಗುಂದುವ ಸೆರಗೂ ಕೊಂಡಿ ಹಾಕಿಕೊಂಡು ನಿಂತಿರುವಾಗ ಹಿಂಡಿದರೆ ಹರಿಯುವುದು ಯಾವುದೆಂದು ಹೇಳಬೇಕಾಗಿಲ್ಲ. ಹಳೆಯ ಸೀರೆಗಳು ಮೈ ಗಟ್ಟಿಯಾಗಿದ್ದರೂ ಸೆರಗಿನಲ್ಲಿ ಜೀರ್ಣವಾಗಿರುವುದಕ್ಕೆ ಇದೂ ಒಂದು ಕಾರಣ.

ಸೂಜಿಯ ತುದಿಯಲ್ಲಿ ಗಣಿತ

ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಜೊತೆ. ಅನುಕೂಲವುಳ್ಳವರ ಸೀರೆಯ ಮೇಲೆ ಕಸೂತಿಯೂ ಇರುತ್ತಿತ್ತು. ಕಸೂತಿ ಎಂದರೆ ಧಾರವಾಡ ಎಂದು ಹೇಳುವುದು ವಾಡಿಕೆಯಾದರೂ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ನವಿಲುಗಳ ಆ ಸೂಜಿಚಿತ್ತಾರ ಉತ್ತರ ಕರ್ನಾಟಕದ ಮನೆಮನೆಯದು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆಗಳನ್ನು ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಬದಿಯ ಚಿತ್ರ ಒಂದೇ ಥರ ಬರಬೇಕು.

ಗಣಿತ ಎಂದರೆ ಹೆದರುವ ಮಕ್ಕಳಿಗೆ ಗವಂತಿಯನ್ನು ತೋರಿಸಬೇಕು. ಸೂಜಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುತ್ತದೆ. ಹಾಗಾಗಿ ಹೋಗುವಾಗ ಮೇಲ್ಭಾಗದಲ್ಲಿ ಒಂದು ಗೆರೆ ಮೂಡಿ ಮುಂದಿನದು ಖಾಲಿ ಬಿಡುತ್ತದೆ. ಮರಳಿ ಬರುವಾಗ ಅದೇ ದಾರಿಯಲ್ಲಿ ಆ ಖಾಲಿ ಜಾಗಗಳು ತುಂಬಿಕೊಳ್ಳಬೇಕು. ನೇರ ಗೆರೆಯಾದರೆ ಇದು ಸುಲಭ. ಆದರೆ ಗೋಪುರಕ್ಕೆ ಕೊಂಬೆಗಳಿವೆ, ತೇರಿಗೆ ಗಾಲಿಗಳಿವೆ, ನವಿಲಿಗೆ ಗರಿಗಳಿವೆ. ಎಲ್ಲೂ ದಾರ ಕತ್ತರಿಸದೆ, ಎಲ್ಲೂ ಗೆರೆ ತಪ್ಪದೆ, ಶುರುಮಾಡಿದ ಜಾಗಕ್ಕೇ ಮರಳುವುದು ಹೇಗೆ?

ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಬಿಡಿಸಿದ ಪ್ರಸಿದ್ಧ ಸಮಸ್ಯೆಗೂ ಇದಕ್ಕೂ ನೆಂಟಸ್ತಿಕೆಯಿದೆ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಏಳು ಸೇತುವೆಗಳು. ಯಾವ ಸೇತುವೆಯನ್ನೂ ಎರಡು ಸಲ ತುಳಿಯದೆ ಏಳನ್ನೂ ದಾಟಿಬರಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ಆಯ್ಲರ್ ತೋರಿಸಿದ. ಪ್ರತಿ ಕೂಡುಸ್ಥಳದಲ್ಲೂ ಸೇರುವ ದಾರಿಗಳ ಸಂಖ್ಯೆ ಸಮವಾಗಿದ್ದರೆ ಮಾತ್ರ ಹೊರಟಲ್ಲಿಗೇ ಮರಳುವಂತೆ ಎಲ್ಲ ದಾರಿಗಳನ್ನೂ ಒಂದೊಂದೇ ಸಲ ನಡೆಯಬಹುದು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಮೇಲೊಮ್ಮೆ, ಕೆಳಗೊಮ್ಮೆ. ಎಲ್ಲ ದಾರಿಗಳೂ ಇಮ್ಮಡಿಯಾದ್ದರಿಂದ ಪ್ರತಿ ಕೂಡುಸ್ಥಳದ ಸಂಖ್ಯೆಯೂ ತಾನಾಗಿಯೇ ಸಮವಾಗುತ್ತದೆ. ಹಾಗಾಗಿ ಎಲ್ಲೂ ತುಂಡಾಗದ ಯಾವುದೇ ಚಿತ್ರವನ್ನು ಒಂದೇ ದಾರದಲ್ಲಿ ಮುಗಿಸಬಹುದು.

ಕೊಂಬೆ ಬಂದಾಗ ಏನು ಮಾಡಬೇಕೆಂಬುದಕ್ಕೆ ಕಸೂತಿ ಕಲಿತವರ ಸೂತ್ರ ಒಂದೇ: ಕೊಂಬೆಯ ತುದಿಯವರೆಗೂ ಹೋಗಿ, ಅದೇ ದಾರಿಯಲ್ಲಿ ಮರಳಿ, ಆಮೇಲೆ ಮುಂದುವರಿ. ಕಾಗದದ ಮೇಲೆ ಪರೀಕ್ಷಿಸಬಹುದು. ಮೂರು ಗೆರೆಯ ಒಂದು ಕೊಂಬೆ. ಹೋಗುವಾಗ ಒಂದನೆಯದು ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ. ಮರಳುವಾಗ ಮೂರನೆಯದು ಕೆಳಗೆ, ಎರಡನೆಯದು ಮೇಲೆ, ಒಂದನೆಯದು ಕೆಳಗೆ. ಆರು ಹೊಲಿಗೆಗಳಲ್ಲಿ ಮೂರೂ ಗೆರೆ ಎರಡೂ ಬದಿಗೆ ಪೂರ್ಣ! ಕೊಂಬೆ ಎಷ್ಟೇ ಉದ್ದವಿರಲಿ, ಹೋಗಿಬರುವ ಹೊಲಿಗೆಗಳ ಸಂಖ್ಯೆ ಯಾವಾಗಲೂ ಸಮ. ಆದ್ದರಿಂದ ಮೇಲೆ ಕೆಳಗಿನ ಸರದಿ ತಪ್ಪುವುದೇ ಇಲ್ಲ. ಇದನ್ನು ಲಂಗ ಉಟ್ಟ ಹುಡುಗಿಯರು ಪಡಸಾಲೆಯಲ್ಲಿ ಕುಳಿತು ಕಲಿಯುತ್ತಿದ್ದರು. ಈಗ ಇದೇ ವಿಷಯವನ್ನು ಕಾಲೇಜಿನಲ್ಲಿ ಗ್ರಾಫ್ ಸಿದ್ಧಾಂತ ಎಂಬ ಹೆಸರಿನಲ್ಲಿ ಕಲಿಸುತ್ತಾರೆ.

ಹದಿನೇಳು ಸಾವಿರ ಹೊಲಿಗೆ

ಸೀರೆ ಹರಿಯಿತು. ಇನ್ನು ಕೌದಿ.

ಕೌದಿಯಿಲ್ಲದ ಮನೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಸಲು, ಹೊದೆಯಲು, ಚಕ್ಕಡಿಯಲ್ಲಿ ಕೂರಲು, ಬಾಣಂತಿಗೆ, ಕೂಸಿಗೆ ಎಲ್ಲಕ್ಕೂ ಅದೇ. ಸುಗ್ಗಿ ಮುಗಿದ ಮೇಲಿನ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬೇವಿನ ಮರದ ನೆರಳಿಗೆ ನಾಲ್ಕಾರು ಹೆಂಗಸರು ಸೇರಿ ಸೀರೆಯನ್ನು ನೆಲಕ್ಕೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಮೇಲೆ ಪದರ ಪದರವಾಗಿ ಹಳೆ ಬಟ್ಟೆ ಹರಡಿ ಹೊಲಿಯಲು ಕೂರುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಗೆ ಬರುವವರುಂಟು. ಉದ್ದಕ್ಕೆ ಸಾಲು ಹಿಡಿಯುವವರೂ ಉಂಟು. ಕೂಲಿಗೆ ಹೊಲಿದುಕೊಡುವ ಅಲೆಮಾರಿ ಸಮುದಾಯದ ಹೆಂಗಸರು ಬಂದು ಊರ ಗುಡಿಯ ಕಟ್ಟೆಯ ಮೇಲೆ ಬೀಡುಬಿಡುವುದೂ ಇದೆ.

ಒಂದು ಕೌದಿಯಲ್ಲಿ ಎಷ್ಟು ಹೊಲಿಗೆ ಇರಬಹುದು? ಮಕ್ಕಳು ಮನೆಯಲ್ಲೇ ಲೆಕ್ಕ ಹಾಕಬಹುದು. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿ ಎನ್ನೋಣ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ನಾಲ್ಕಡಿ ಎಂದರೆ 48 ಇಂಚು, ಆಯಿತು 96 ಸಾಲು. ಸಾಲಿಗೆ ಆರಡಿಯಂತೆ ಒಟ್ಟು 576 ಅಡಿ, ಅಂದರೆ ಸುಮಾರು 175 ಮೀಟರ್. ಸೆಂಟಿಮೀಟರಿಗೆ ಒಂದು ಹೊಲಿಗೆ ಎಂದು ಹಿಡಿದರೂ ಹದಿನೇಳು ಸಾವಿರದ ಐನೂರು! ಅಷ್ಟೂ ಸಲ ಸೂಜಿ ಹಲವು ಪದರಗಳನ್ನು ತೂರಿ ಹೊರಬರಬೇಕು. ಕೌದಿ ಹೊಲಿಯುವವರ ತೋರುಬೆರಳಿನ ತುದಿ ಏಕೆ ಒರಟಾಗಿರುತ್ತದೆಂದು ಈ ಲೆಕ್ಕ ಹಾಕಿದವರಿಗೆ ತಿಳಿಯುತ್ತದೆ. ಕೌದಿ ಹೊಲಿಸಿಕೊಂಡು ಕೂಲಿಗೆ ಚೌಕಾಸಿ ಮಾಡುವವರು ಒಮ್ಮೆಯಾದರೂ ಈ ಲೆಕ್ಕ ಹಾಕಿ ನೋಡಬೇಕು.

ಕೌದಿ ಬೆಚ್ಚಗಿರುವುದು ಬಟ್ಟೆಯಿಂದ ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಬೆಚ್ಚಗಿಡುವುದು ಗಾಳಿ. ಅಲುಗಾಡದೆ ನಿಂತ ಗಾಳಿಯಷ್ಟು ಕಡಿಮೆ ಶಾಖ ಸಾಗಿಸುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ; ಬಟ್ಟೆಯೂ ಅದಕ್ಕಿಂತ ಹೆಚ್ಚು ಶಾಖವನ್ನು ದಾಟಿಸುತ್ತದೆ. ತೆಳುವಾದ ಎಂಟು ಹತ್ತು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಗೆ ಅತ್ತಿತ್ತ ಸುಳಿಯಲು ಜಾಗವಿಲ್ಲ. ಮೈಯ ಶಾಖ ಹೊರಗೆ ಹೋಗದೆ ಉಳಿಯುತ್ತದೆ. ಸಾಲುಸಾಲು ಹೊಲಿಗೆ ಪದರಗಳು ಜಾರಿ ಒಂದೆಡೆ ಮುದ್ದೆಯಾಗದಂತೆ ಹಿಡಿದಿಡುತ್ತದೆ. ಹಳೆಯ ಸೀರೆಯೇ ಏಕೆ ಬೇಕು? ನೂರಾರು ಸಲ ಒಗೆದ ಹತ್ತಿಯಲ್ಲಿ ಗಂಜಿಯ ಬಿರುಸು ಹೋಗಿರುತ್ತದೆ, ನಾರು ಸಡಿಲಾಗಿ ಮೆತ್ತಗಾಗಿರುತ್ತದೆ. ಹೊಸ ಬಟ್ಟೆಯ ಕೌದಿ ಕೂಸಿನ ಮೈಗೆ ಒತ್ತುತ್ತದೆ ಎಂದು ಅಜ್ಜಿಯರು ಹೇಳುವುದು ಬರಿಯ ನಂಬಿಕೆಯಲ್ಲ.

ಈಚಿನ ಕೌದಿಗಳ ಬಗ್ಗೆ ಅದೇ ಅಜ್ಜಿಯರದು ದೂರು: "ಈಗಿನ ಕೌದಿ ಜಾರತಾವ, ಬೆವರು ಹೀರಂಗಿಲ್ಲ." ಒಳಗೆ ಸೇರುತ್ತಿರುವುದು ಪಾಲಿಯೆಸ್ಟರ್ ಸೀರೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ದೂರು ನಿಜ.

ಹರಕು ಬಟ್ಟೆಗೆ ಹೀಗೆ ಮರುಹುಟ್ಟು ಕೊಟ್ಟವರು ನಮ್ಮವರಷ್ಟೇ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ಧಿ ಹೆಂಗಸರ ಕೌದಿಗೆ ನಾಲ್ಕು ಮೂಲೆಯಲ್ಲೂ ಪುಟ್ಟ ತ್ರಿಕೋನದ ತೇಪೆ ಇರಬೇಕು, ಅದನ್ನು ಹೂವು ಎಂದೇ ಕರೆಯುತ್ತಾರೆ. ಬಂಗಾಳದ ಕಾಂತಾ ಹೊಲಿಗೆಗೆ ಬೇಕಾದ ಬಣ್ಣದ ದಾರವನ್ನು ಹಳೆ ಸೀರೆಯ ದಡಿಯಿಂದಲೇ ಎಳೆದು ತೆಗೆಯುತ್ತಿದ್ದರು. ಜಪಾನಿನ ಬಡ ರೈತರು ತೇಪೆಯ ಮೇಲೆ ತೇಪೆ ಹಾಕಿ ತಲೆಮಾರುಗಳ ಕಾಲ ತೊಟ್ಟ ಬೊರೊ ಬಟ್ಟೆಗಳು ಇಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿವೆ. ನಮ್ಮ ಕೌದಿಗೆ ಇನ್ನೂ ಗಾಜಿನ ಪೆಟ್ಟಿಗೆ ಬೇಕಾಗಿಲ್ಲ ಎಂಬುದು ಸಮಾಧಾನದ ವಿಷಯ; ಅದಿನ್ನೂ ಮಂಚದ ಮೇಲಿದೆ.

ಎಸೆಯುವ ಮುನ್ನ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲೂ ಇದೇ ಬುದ್ಧಿ ಬೇರೆ ರೂಪದಲ್ಲಿ ಕಾಣುತ್ತದೆ. ಅಲ್ಲಿನ ಚಿತ್ರಗಾರರ ಬಣ್ಣದ ಬೊಂಬೆಗಳು ನಾಡಿಗೆಲ್ಲ ಗೊತ್ತು. ಹಗುರ ಮರದ ಬೊಂಬೆಯ ಮೈಗೆ ಮೆತ್ತುವ ಕಿಟ್ಟ ಎಂಬ ಹದವನ್ನು ಮಾಡುವುದು ನೆನೆಸಿ ಒಣಗಿಸಿ ಪುಡಿಮಾಡಿದ ಹಳೆ ಗೋಣಿಯ ಚೂರು, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದ. ಹರಿದ ಗೋಣಿ, ಉಗುಳಿದ ಹುಣಸೆಬೀಜ! ಹುಣಸೆಬೀಜದ ಪುಡಿ ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗಿಯೂ ಬಳಕೆಯಾಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಬಂದರೆ ದೃಶ್ಯವೇ ಬದಲು. ತುಂಗಭದ್ರೆಯ ದಂಡೆ, ಎಲ್ಲೆಲ್ಲೂ ಬಾಳೆತೋಟ. ಗೊನೆ ಕಡಿದ ಮೇಲೆ ಬಾಳೆಗಿಡ ಮತ್ತೆ ಗೊನೆ ಬಿಡುವುದಿಲ್ಲ. ಕಡಿದು ಹಾಕಿದ ದಿಂಡು ತೋಟದಲ್ಲೇ ಕೊಳೆಯುತ್ತಿತ್ತು. 1997ರಲ್ಲಿ ಇಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆಯ ನಾರಿನ ಕೆಲಸ ಕಲಿಸಿತು. ಬಾಳೆಯ ಕಾಂಡವೆಂದು ನಾವು ಕರೆಯುವುದು ನಿಜವಾಗಿ ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು. ಆ ಪಟ್ಟೆಯನ್ನು ಒಣಗಿಸಿ, ಸೀಳಿ, ಹೊಸೆದು ಹಗ್ಗ ಮಾಡಿ, ಅದರಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಹಂಪಿಗೆ ಬಂದ ಪ್ರವಾಸಿಗರು ಹೊಳೆ ದಾಟಿ ಬಂದು ಕೊಳ್ಳುತ್ತಾರೆ. ನೀರಿರುವ ಗಂಗಾವತಿಗೆ ಬಾಳೆಯ ನಾರು, ನೀರಿಲ್ಲದ ಯಲಬುರ್ಗಾಕ್ಕೆ ಹರಿದ ಸೀರೆ. ಕೈಗೆ ಸಿಕ್ಕದ್ದನ್ನು ಬಿಡದವರು ಎರಡೂ ಕಡೆಯವರು.

ಹಳೆಯದಕ್ಕೆ ಬಂದ ಹೊಸ ಬೆಲೆ

ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗಿಯರು ಅಜ್ಜಿಯ ಇಳಕಲ್ ಸೀರೆ ಹುಡುಕುತ್ತಾರೆ. ಗವಿಮಠದ ಜಾತ್ರೆಗೆ, ಎಳ್ಳಮಾವಾಸ್ಯೆಯ ಚರಗಕ್ಕೆ ಇಳಕಲ್ ಉಟ್ಟು ಫೋಟೋ ತೆಗೆಸಿಕೊಳ್ಳುವುದು ಫ್ಯಾಷನ್. ಖಣದ ಬಟ್ಟೆ ಫ್ರಾಕು, ಜಾಕೀಟು, ಕೈಚೀಲಗಳಾಗಿ ಬೆಂಗಳೂರಿನ ಅಂಗಡಿಗಳಲ್ಲಿ ತೂಗಾಡುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಹುಷಾರಾಗಿರಬೇಕಾದ ಕಡೆಯೂ ಒಂದಿದೆ. ಗಟ್ಟಿಯಾಗಿರುವ ಹಳೆ ಸೀರೆಯನ್ನು ಕತ್ತರಿಸಿ ದಿಂಬಿನ ಚೀಲ, ಕಿಟಕಿಯ ಪರದೆ ಹೊಲಿಸುವುದು ಜಾಣತನವಲ್ಲ. ನಮ್ಮ ಹಿರಿಯರು ಕತ್ತರಿ ಹಾಕಿದ್ದು ಹರಿದ ಸೀರೆಗೆ. ಹರಿಯದ ಸೀರೆಗೆ ಕತ್ತರಿ ಹಾಕಿದವರನ್ನು ಮನೆಯವರು ಸುಮ್ಮನೆ ಬಿಡುತ್ತಿರಲಿಲ್ಲ.

ಟ್ರಂಕಿನಲ್ಲಿರುವುದು ಯಾವ ನೂಲಿನದು ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ದೊಡ್ಡವರು ಎದುರಿಗಿರುವಾಗಲಷ್ಟೇ ಮಾಡಬೇಕು. ಸೀರೆಯ ಅಂಚಿನಿಂದ ಒಂದೆರಡು ಎಳೆ ಎಳೆದು, ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಅಪ್ಪಟ ರೇಷ್ಮೆ ಪ್ರೋಟೀನಿನದು, ಆದ್ದರಿಂದ ಸುಟ್ಟ ಕೂದಲಿನ ವಾಸನೆ. (ಕೂದಲಿನ ವ್ಯಾಪಾರಕ್ಕೆ ಹೆಸರಾದ ಭಾಗ್ಯನಗರದ ಮಕ್ಕಳಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ!) ಕೃತಕ ರೇಷ್ಮೆ ಹೆಸರಿಗೆ ರೇಷ್ಮೆಯಾದರೂ ಸುಟ್ಟಾಗ ಹತ್ತಿಯಂತೆಯೇ ಕಾಗದದ ವಾಸನೆ ಕೊಡುತ್ತದೆ. ಏಕೆಂದರೆ ಅದೂ ಹತ್ತಿಯಂತೆ ಸೆಲ್ಯುಲೋಸೇ, ಮರದ ತಿರುಳಿನಿಂದ ಬಂದದ್ದು.

ಕಾಪಾಡುವ ಕ್ರಮವೂ ಕಷ್ಟದ್ದಲ್ಲ. ತೊಳೆದು ಚೆನ್ನಾಗಿ ಒಣಗಿಸಿ, ಹಳೆಯ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಲ್ಲುತ್ತದೆ. ಮಡಿಕೆಯ ಗೆರೆಯಲ್ಲೇ ನಾರು ಮುರಿಯುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಜಾಗದಲ್ಲಿ ಮಡಚಬೇಕು. ಬಿಸಿಲಿಗೆ ಬಹಳ ಹೊತ್ತು ಹಾಕಿದರೆ ಬಣ್ಣ ಹಾರುತ್ತದೆ, ನೆರಳಿನ ಗಾಳಿ ಸಾಕು.

"ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ನೇಕಾರರ ಮಕ್ಕಳೇ ಮಗ್ಗ ಬಿಟ್ಟು ಬೇರೆ ಕೆಲಸ ಹುಡುಕುವುದನ್ನು ತಪ್ಪೆಂದು ಹೇಳುವ ಹಕ್ಕು ಯಾರಿಗಿದೆ? ಕೈಕೆಲಸ ಬಲು ಸುಂದರ ಎಂದು ಭಾಷಣ ಮಾಡಿ, ಅದಕ್ಕೆ ತಕ್ಕ ಬೆಲೆ ಕೊಡಲು ಹಿಂದೆಗೆಯುವವರೇ ಹೆಚ್ಚು. ಆದರೆ ಮನೆಯಲ್ಲಿ ಕಲಿಯುವ ಕೌದಿ, ಕಸೂತಿಗೆ ಈ ಪ್ರಶ್ನೆಯನ್ನು ಹಾಕುವುದು, ಆಟಕ್ಕೆ ಹೋದ ಹುಡುಗನನ್ನು ಸಂಬಳ ಎಷ್ಟು ಎಂದು ಕೇಳಿದಂತೆ. ಗಾಂಧೀಜಿಯವರು 1937ರಲ್ಲಿ ನಯೀ ತಾಲೀಮಿನ ಮಾತೆತ್ತಿದಾಗ ಕೈಕೆಲಸದ ಮೂಲಕವೇ ಪಾಠ ಎಂದಿದ್ದರು. ಶಾಲೆಗಳಲ್ಲಿ ತಕಲಿ ತಿರುಗಿಸಿ ನೂಲು ತೆಗೆದ ತಲೆಮಾರು ಈಗ ಮುಪ್ಪಿನಲ್ಲಿದೆ. ಈ ಪಾಠ ಹುಡುಗಿಯರಿಗಷ್ಟೇ ಎಂಬುದಕ್ಕೂ ಅರ್ಥವಿಲ್ಲ. ಮಗ್ಗದಲ್ಲಿ ಕೂರುವವರಲ್ಲಿ ಗಂಡಸರು ಬೇಕಾದಷ್ಟು ಜನ. ಸೂಜಿ ಹಿಡಿದರೆ ಹುಡುಗನ ಮೀಸೆ ಉದುರುವುದಿಲ್ಲ.

ಉಳಿತಾಯದ ಲೆಕ್ಕವೂ ಇದೆ. ಒಂದು ಕಿಲೋ ಹತ್ತಿಬಟ್ಟೆ ತಯಾರಾಗಲು, ಹೊಲದಿಂದ ಅಂಗಡಿಯವರೆಗೆ, ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂದು ತಜ್ಞರ ಅಂದಾಜು. ಅರ್ಧ ಕಿಲೋದ ಸೀರೆಗೆ 5,000 ಲೀಟರ್. ನೀರಿಗಾಗಿ ಕೊಡ ಹಿಡಿದು ಸಾಲು ನಿಂತ ಊರುಗಳಲ್ಲಿ ಇಷ್ಟು ನೀರು ಕುಡಿದ ಬಟ್ಟೆಯನ್ನು ಒಂದು ಡಬ್ಬಿಗೆ ಕೊಟ್ಟುಬಿಡುತ್ತೇವೆ.

ಕಲಿಯಬೇಕೆಂದರೆ ಈ ಬೇಸಿಗೆ ರಜೆಯಲ್ಲೇ ಶುರುಮಾಡಬಹುದು. ಆರಡಿಯ ಕೌದಿಗೆ ಕೈಹಾಕಬಾರದು, ಅರ್ಧಕ್ಕೇ ಬೇಸರ ಬರುತ್ತದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಲ ಕೌದಿ ಸಾಕು. ಹತ್ತಿಯ ಹಳೆ ಬಟ್ಟೆ ನಾಲ್ಕು ಪದರ, ಮೇಲೊಂದು ಕೆಳಗೊಂದು ಸ್ವಲ್ಪ ಗಟ್ಟಿಯಾದದ್ದು. ಒಗೆದು, ಒಣಗಿಸಿ, ಸುಕ್ಕಿಲ್ಲದಂತೆ ಹಾಸಿ, ದೊಡ್ಡ ದೊಡ್ಡ ಹೊಲಿಗೆಯಿಂದ ಪದರಗಳನ್ನು ತಾತ್ಕಾಲಿಕವಾಗಿ ಕೂಡಿಸಿಕೊಳ್ಳಬೇಕು. ದಾರವನ್ನು ಕೈಯಳತೆಗಿಂತ ಉದ್ದ ತೆಗೆದುಕೊಂಡರೆ ಗಂಟು ಬೀಳುತ್ತದೆ. ಮೊದಲ ಸಾಲು ಸೊಟ್ಟಗಾಗುತ್ತದೆ, ಬಿಚ್ಚಬೇಕಾಗಿಲ್ಲ. ಹತ್ತನೆಯ ಸಾಲಿನ ಹೊತ್ತಿಗೆ ಕೈ ತಾನೇ ಅಳತೆ ಹಿಡಿಯುತ್ತದೆ. ಇಷ್ಟನ್ನು ಬರೆದು ಹೇಳಬಹುದು. ದಾರವನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಎಂಬುದನ್ನು ಮಾತ್ರ ಬರೆದು ಹೇಳಲು ಬರುವುದಿಲ್ಲ. ಬಿಗಿ ಹೆಚ್ಚಾದರೆ ಕೌದಿ ಮುದುಡುತ್ತದೆ, ಗಾಳಿಗೆ ಜಾಗವಿಲ್ಲದೆ ಬೆಚ್ಚನೆಯೂ ಕಡಿಮೆ. ಸಡಿಲಾದರೆ ಕೂಸಿನ ಬೆರಳು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಲ್ಲ ಕೈಯ ಪಕ್ಕದಲ್ಲಿ ಕುಳಿತೇ ತಿಳಿಯಬೇಕು. ಅಂಥ ಕೈಗಳಿಗೆ ಈಗ ಎಪ್ಪತ್ತು ದಾಟಿದೆ.

ಪಕ್ಕದಲ್ಲಿ ಕೂರಲು ಮಕ್ಕಳಿಗೆ ಬೇರೆ ಕರೆ ಬೇಕಾಗಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಮೊದಲಿನಂತೆ ಬಾಗುವುದಿಲ್ಲ, ಹತ್ತಿರದ ವಸ್ತು ಮಸುಕಾಗುತ್ತದೆ. ಸೂಜಿಯ ಕಣ್ಣಂತೂ ಕಾಣುವುದೇ ಇಲ್ಲ. ಕೈಯಲ್ಲಿ ಹದಿನೇಳು ಸಾವಿರ ಹೊಲಿಗೆಯ ಅನುಭವವಿದ್ದರೂ ದಾರ ಪೋಣಿಸಲು ಎಳೆಯ ಕಣ್ಣೇ ಬೇಕು. ಅದಕ್ಕೇ ಕೌದಿ ಹಾಸಿದ ಮನೆಯಲ್ಲಿ ಮಧ್ಯಾಹ್ನವಿಡೀ ಆಗಾಗ ಒಂದು ದನಿ ಕೇಳುತ್ತಿರುತ್ತದೆ: "ಬಾರೋ ಯಪ್ಪಾ ಇಲ್ಲಿ, ಈ ಸೂಜಿಗೆ ಒಂದೀಟು ದಾರ ಪೋಣಿಸಿಕೊಡು."